ವಾರ್ಡನ್ ಆಫೀಸಿನ ಗೋಡೆ ಮತ್ತು ಇನ್ನಷ್ಟು ಗುಟ್ಟುಗಳು

ಸೂಪರ್‌ಹೀರೋ ಆಟಗಳ ಮ್ಯಾಪ್‌ನಲ್ಲಿ ಅಡಗಿರುವ ಗುಟ್ಟುಗಳ ಬಗ್ಗೆ ಬರುವ ಪ್ರಶ್ನೆಗಳು ಸುತ್ತಿ ಬಳಸಿ ಐದಾರೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಈ ಸಲ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಗ್ಯಾಜೆಟ್ ಬದಲಿಸುವುದು ಹೇಗೆ, ಮ್ಯಾಪ್ ತೆರೆಯುವುದು ಹೇಗೆ ಎಂದೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟು ನಿಮಗೆ ಗೊತ್ತಿರುತ್ತದೆ. ಈ ಆಟಗಳ ಕಥೆ ಇಲ್ಲಿ ಬಯಲಾಗುತ್ತದೆ. ಆಡದವರು ಮೊದಲು ಆಡಿ ಬನ್ನಿ.

ಪ್ರಶ್ನೆ: ಸರ್, ‘ಬ್ಯಾಟ್‌ಮ್ಯಾನ್: ಆರ್ಕಮ್ ಅಸೈಲಮ್’ನಲ್ಲಿ ವಾರ್ಡನ್ ಆಫೀಸಿನ ಗೋಡೆ ಹಿಂದೆ ಒಂದು ರಹಸ್ಯ ಕೋಣೆ ಇದೆ ಅಂತಾರೆ. ನಾನು ರಿಡ್ಲರ್ ಎಂಬ ವಿಲನ್ ಒಡ್ಡುವ 240 ಸವಾಲನ್ನೂ ಮುಗಿಸಿದ್ದೇನೆ. ಆ ಗೋಡೆ ಮಾತ್ರ ಒಡೆಯುತ್ತಿಲ್ಲ. ಇದು ಸುಳ್ಳು ಸುದ್ದಿ ಅಲ್ವಾ?

ಸುಳ್ಳಲ್ಲ. ಕೋಣೆ ಅಲ್ಲೇ ಇದೆ. ನೀವು ಒಂದು ಸಲ ಜೆಲ್ (ಗೋಡೆ ಒಡೆಯಲು ಬ್ಯಾಟ್‌ಮ್ಯಾನ್ ಬಳಿಯುವ ಸ್ಫೋಟಕ) ಹಾಕಿ ಸ್ಫೋಟಿಸಿ, ಏನೂ ಆಗಲಿಲ್ಲ ಎಂದು ಬಿಟ್ಟಿರುತ್ತೀರಿ. ಪತ್ರ ಬರೆದವರೆಲ್ಲ ಮಾಡಿರುವುದು ಇದನ್ನೇ. ಈ ಗೋಡೆಗೆ ಒಂದು ಸಲ ಹಾಕಿದರೆ ಸಾಲದು. ಅದೇ ಗೋಡೆಯ ಮೇಲೆ ಮೂರು ಸಲ ಜೆಲ್ ಹಾಕಿ, ಆಮೇಲೆ ಸ್ಫೋಟಿಸಬೇಕು. ಆಗ ಬೀಳುತ್ತದೆ.

ಇಷ್ಟು ಸರಳವಾದದ್ದು ಯಾಕೆ ಯಾರಿಗೂ ಸಿಗಲಿಲ್ಲ? ಇದು ನೀವು ನಿಜವಾಗಿ ಕೇಳಬೇಕಿದ್ದ ಪ್ರಶ್ನೆ. ಆಟ ಬಂದಿದ್ದು 2009ರ ಆಗಸ್ಟ್‌ನಲ್ಲಿ. ಆರು ತಿಂಗಳು ದಾಟಿದರೂ ಆಡಿದವರಲ್ಲಿ ಒಬ್ಬರೂ ಇದನ್ನು ಪತ್ತೆ ಮಾಡಲಿಲ್ಲ. ಕೊನೆಗೆ ಆಟ ಮಾಡಿದ ರಾಕ್‌ಸ್ಟೆಡಿಯವರೇ ಬಾಯಿಬಿಟ್ಟರು.

ನಾನು ಲೆವೆಲ್ ಡಿಸೈನ್ ಕೆಲಸ ಮಾಡುವವನು. ಆಟದೊಳಗಿನ ಜಾಗಗಳನ್ನು ಕಟ್ಟುವುದೇ ನನ್ನ ಹೊಟ್ಟೆಪಾಡು. ಆ ಕಣ್ಣಿನಿಂದ ನೋಡಿದರೆ ಈ ಗೋಡೆಯ ಜಾಣತನ ಗೊತ್ತಾಗುತ್ತದೆ. ಈ ಆಟದಲ್ಲಿ ಡಿಟೆಕ್ಟಿವ್ ಮೋಡ್ ಇದೆ. ಅದನ್ನು ಒತ್ತಿದರೆ ಒಡೆಯಬಹುದಾದ ಗೋಡೆಗಳು ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತವೆ. ಮೊದಲ ಒಂದೆರಡು ಗಂಟೆಯಲ್ಲೇ ಆಟ ನಿಮಗೆ ಒಂದು ಅಭ್ಯಾಸ ಮಾಡಿಸುತ್ತದೆ. ಬಣ್ಣ ಕಂಡರೆ ಒಡೆ, ಕಾಣದಿದ್ದರೆ ಮುಂದೆ ನಡೆ. ಆಮೇಲೆ ನೀವು ಗೋಡೆಯನ್ನು ನೋಡುವುದನ್ನೇ ಬಿಡುತ್ತೀರಿ, ಬಣ್ಣವನ್ನು ಮಾತ್ರ ನೋಡುತ್ತೀರಿ. ವಾರ್ಡನ್ ಆಫೀಸಿನ ಈ ಗೋಡೆ ಡಿಟೆಕ್ಟಿವ್ ಮೋಡ್‌ನಲ್ಲಿ ಏನೂ ತೋರಿಸುವುದಿಲ್ಲ. ಉಳಿದ ಗೋಡೆಗಳ ಹಾಗೇ ಸುಮ್ನೆ ನಿಂತಿರುತ್ತದೆ. ಅಕಸ್ಮಾತ್ ಯಾರಾದರೂ ಒಂದು ಸಲ ಜೆಲ್ ಹಾಕಿ ನೋಡಿದರೂ ಗುಟ್ಟು ಬಿಟ್ಟುಕೊಡುವುದಿಲ್ಲ.

ನಿಮ್ಮ 240ರ ಲೆಕ್ಕಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಈ ಕೋಣೆಯನ್ನು ಆ ಎಣಿಕೆಗೆ ಸೇರಿಸಿಲ್ಲ. ಅಂದರೆ ರಿಡ್ಲರ್ ಇಟ್ಟಿದ್ದನ್ನೆಲ್ಲ ಹೆಕ್ಕಿ ತೆಗೆದವನೂ ಈ ಗೋಡೆಯ ಮುಂದೆ ನೂರು ಸಲ ಓಡಾಡಿ ಏನೂ ಕಾಣದೆ ಹೋಗಬಹುದು. ದಯವಿಟ್ಟು ‘ನೂರಕ್ಕೆ ನೂರು ಮುಗಿಸಿದ್ದೇನೆ, ಆದ್ದರಿಂದ ಇಲ್ಲ’ ಎಂದು ವಾದ ಮಾಡಬೇಡಿ.

ಇನ್ನು ಒಳಗೆ ಏನಿದೆ? ಚಿನ್ನ ಇಲ್ಲ, ಹೊಸ ಆಯುಧ ಇಲ್ಲ. ಗೋಡೆಯ ಮೇಲೆ ಆರ್ಕಮ್ ಸಿಟಿಯ ನಕ್ಷೆ ಇದೆ. ವಾರ್ಡನ್ ಕ್ವಿನ್ಸಿ ಶಾರ್ಪ್ ಗುಟ್ಟಾಗಿ ಹಾಕಿಕೊಂಡಿದ್ದ ಯೋಜನೆ ಅದು. ಊರಿನ ಒಂದು ಭಾಗಕ್ಕೇ ಗೋಡೆ ಕಟ್ಟಿ ಜೈಲು ಮಾಡುವ ಯೋಜನೆ. ಎರಡನೇ ಆಟ ‘ಆರ್ಕಮ್ ಸಿಟಿ’ ಬಂದಿದ್ದು 2011ರ ಅಕ್ಟೋಬರ್‌ನಲ್ಲಿ. ಅದರಲ್ಲಿ ಇದೇ ಶಾರ್ಪ್ ಮೇಯರ್ ಆಗಿರುತ್ತಾನೆ, ಆ ಜೈಲು ಎದ್ದು ನಿಂತಿರುತ್ತದೆ. ಎರಡು ವರ್ಷ ಮೊದಲೇ ಮುಂದಿನ ಆಟದ ಜಾಗವನ್ನು ಜನರ ಕೈಗೆ ಕೊಟ್ಟಿದ್ದರು. ಜನ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಆಡಿದರು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಆ ಕೋಣೆ ಕಟ್ಟಿದವರು ಅಷ್ಟು ತಿಂಗಳು ಹೇಗೆ ಬಾಯಿ ಮುಚ್ಚಿಕೊಂಡಿದ್ದರೋ! ನಾನು ಒಂದು ಆಟದ ಬಾವಿಯೊಳಗೆ ಒಂದು ಹಿತ್ತಾಳೆ ತಂಬಿಗೆ ಅಡಗಿಸಿಟ್ಟಿದ್ದೆ. ವಾರದೊಳಗೆ ಮನೆಯವರಿಗೆಲ್ಲ ಹೇಳಿಬಿಟ್ಟಿದ್ದೆ.

ಈಗ ಬೈಗುಳ. ‘ಎಲ್ಲ ರಹಸ್ಯ ತೆರೆದಿರುವ ಸೇವ್ ಫೈಲ್’ (ಎಲ್ಲಿಯವರೆಗೆ ಆಡಿದ್ದೀರಿ ಎಂದು ಉಳಿಸಿಡುವ ಫೈಲ್) ಎಂದು ಮಾರುವವರಿದ್ದಾರೆ. ನನ್ನ ಅಕ್ಕನ ಮಗ ಅಂಥ ಒಂದು ಫೈಲ್ ಇಳಿಸಿಕೊಂಡ. ಗೋಡೆ ಒಡೆಯಲಿಲ್ಲ, ಅವನ ಇಮೇಲ್ ಪಾಸ್‌ವರ್ಡ್ ಹೋಯಿತು. ಆವತ್ತಿನಿಂದ ಗುರುತಿಲ್ಲದವರು ಕೊಟ್ಟ ಯಾವ ಫೈಲನ್ನೂ ನಾನು ಮುಟ್ಟುವುದಿಲ್ಲ, ನಿಮಗೂ ಮುಟ್ಟಬೇಡಿ ಅಂತಲೇ ಹೇಳುತ್ತೇನೆ. ಮೂರು ಸಲ ಗುಂಡಿ ಒತ್ತಿದರೆ ಬೀಳುವ ಗೋಡೆಗೆ ದುಡ್ಡು ಕೊಡುವುದೇ? ಕೆಂಪು ಬಾಣ, ಕೆಂಪು ಸುತ್ತು ಹಾಕಿ ‘ಯಾರಿಗೂ ಗೊತ್ತಿಲ್ಲದ ಗುಟ್ಟು’ ಎನ್ನುವ ವಿಡಿಯೊಗಳ ಮೇಲೂ ನನಗೆ ಸಿಟ್ಟಿದೆ. ಅದನ್ನು ನೋಡಿದ ಮೇಲೆ ನಿಮಗೆ ಹುಡುಕುವುದಕ್ಕೆ ಏನು ಉಳಿಯಿತು?

ಪ್ರಶ್ನೆ: ಅದೇ ‘ಆರ್ಕಮ್ ಅಸೈಲಮ್’ನಲ್ಲಿ ಸ್ಕೇರ್‌ಕ್ರೋ ಎಂಬ ವಿಲನ್‌ನ ಭಾಗಕ್ಕೆ ಬಂದಾಗ ತೆರೆ ಕೆಟ್ಟುಹೋಗಿ ಆಟ ಮತ್ತೆ ಮೊದಲಿಂದ ಶುರುವಾಗುತ್ತದೆ. ರಿಪೇರಿ ಅಂಗಡಿಯವರು ಗ್ರಾಫಿಕ್ಸ್ ಕಾರ್ಡ್ ಬದಲಿಸಿ ಅಂತಿದ್ದಾರೆ.

ಬದಲಿಸಬೇಡಿ. ಅದು ಬೇಕಂತಲೇ ಮಾಡಿದ್ದು. ಮುಂದೆ ಆಡಿ, ಬ್ಯಾಟ್‌ಮ್ಯಾನ್ ಬದಲು ಜೋಕರ್ ಕಾರು ಓಡಿಸುವುದು ಕಾಣುತ್ತದೆ.

ಪ್ರಶ್ನೆ: ‘ಆರ್ಕಮ್ ಸಿಟಿ’ಯಲ್ಲಿ ಕ್ಯಾಲೆಂಡರ್ ಮ್ಯಾನ್ ಎಂಬ ವಿಲನ್ ಹಬ್ಬದ ದಿನ ಕಥೆ ಹೇಳುತ್ತಾನಂತೆ. ದೀಪಾವಳಿಗೆ ಹೇಳ್ತಾನಾ? ಕಂಪ್ಯೂಟರ್ ತಾರೀಖು ಬದಲಿಸಿದರೆ ಸಾಕಾ?

ದೀಪಾವಳಿಗೆ ಹೇಳುವುದಿಲ್ಲ. ಅವನಿಗೆ ಗೊತ್ತಿರುವುದು 12 ದಿನ. ಹೊಸ ವರ್ಷ, ಪ್ರೇಮಿಗಳ ದಿನ, ಹ್ಯಾಲೋವೀನ್, ಕ್ರಿಸ್ಮಸ್ ಇಂಥವು. ಆಗಸ್ಟ್ 16ರ ಸಂತ ರೋಕ್ ಹಬ್ಬವೂ ಅದರಲ್ಲಿದೆ, ಜನ ಮರೆಯುವುದು ಅದನ್ನೇ. ಅಮ್ಮಂದಿರ ದಿನದಂಥವು ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತವೆ, ಆ ವರ್ಷದ ತಾರೀಖು ನೋಡಿಕೊಳ್ಳಿ. ಸಾಲೊಮನ್ ವೇಯ್ನ್ ಕೋರ್ಟ್‌ಹೌಸ್‌ನ ನೆಲಮಾಳಿಗೆಯಲ್ಲಿ ಅವನ ಕೋಣೆ ಇದೆ.

ಹದಿಮೂರನೆಯದೊಂದು ತಾರೀಖೂ ಇದೆ: 2004ರ ಡಿಸೆಂಬರ್ 13. ಆಟ ಬಂದಿದ್ದೇ 2011ರಲ್ಲಿ, ಆ ದಿನ ಯಾಕೆ? ರಾಕ್‌ಸ್ಟೆಡಿ ಶುರುವಾದ ದಿನ ಅದು. ಗಡಿಯಾರವನ್ನು ಆ ದಿನಕ್ಕೆ ತಂದು ಕೋಣೆಗೆ ಹೋದರೆ ಅವನು ಬೇರೆಯದೇ ಮಾತಾಡುತ್ತಾನೆ. ನಿನ್ನ ಆರಂಭದಲ್ಲೂ ನಾನಿದ್ದೆ, ಕೊನೆಯಲ್ಲೂ ಇರುತ್ತೇನೆ ಎನ್ನುವ ಅರ್ಥ ಬರುತ್ತದೆ. ಇದು ಬಯಲಾಗಲು ಸುಮಾರು ಮೂರು ವರ್ಷ ಬೇಕಾಯಿತು.

ತಾರೀಖು ಬದಲಿಸುವವರಿಗೆ ಒಂದು ಎಚ್ಚರಿಕೆ. ಮೊದಲು ಸೇವ್ ಫೈಲಿನ ನಕಲು ಬೇರೆ ಕಡೆ ಇಟ್ಟುಕೊಳ್ಳಿ. ಆಟ ಮುಗಿದ ಕೂಡಲೇ ತಾರೀಖು ಸರಿ ಮಾಡಿ. ಇಲ್ಲದಿದ್ದರೆ ಬ್ರೌಸರ್‌ನಲ್ಲಿ ಬ್ಯಾಂಕಿನ ಪುಟ ಕೂಡ ತೆರೆಯುವುದಿಲ್ಲ, ಭದ್ರತೆ ಸರಿಯಿಲ್ಲ ಎನ್ನುತ್ತದೆ. ಆಮೇಲೆ ವೈರಸ್ ಬಂದಿದೆ ಅಂತ ನನಗೆ ಬರೆಯುತ್ತೀರಿ. ಒಂದು ದಿನಕ್ಕೆ ಒಂದು ಕಥೆ, ಆಯಾ ಹಬ್ಬಕ್ಕೇ ಹೋಗಿ ಕೇಳಿದರೆ ಇನ್ನೂ ಚೆಂದ. ನಾನು ಹಾಗೇ ಕೇಳಿದ್ದು, ಪೂರ್ತಿ ಒಂದು ವರ್ಷ ಹಿಡಿಯಿತು.

ಪ್ರಶ್ನೆ: 2018ರ ‘ಸ್ಪೈಡರ್ ಮ್ಯಾನ್’ನಲ್ಲಿ ಅವೆಂಜರ್ಸ್ ಟವರ್ ಒಳಗೆ ಹೋಗುವ ಕೋಡ್ ಕೊಡಿ. ಕಿಟಕಿಯೊಳಗೆ ಕೋಣೆಗಳು ಕಾಣುತ್ತವೆ, ಅಂದರೆ ಒಳಗೆ ಏನೋ ಇದೆ ಅಲ್ವಾ?

ಕೋಡ್ ಇಲ್ಲ. ಒಳಗೆ ಏನೂ ಇಲ್ಲ. ಈ ಆಟದ ಕಿಟಕಿಗಳಲ್ಲಿ ಕಾಣುವ ಕೋಣೆಗಳು ಗಾಜಿನ ಮೇಲೆ ಮೂಡಿಸಿದ ಚಿತ್ರ. ನೀವು ಅತ್ತಿತ್ತ ಸರಿದಾಗ ಆಳ ಇರುವ ಹಾಗೆ ಕಾಣುವಂತೆ ಲೆಕ್ಕ ಹಾಕಿ ತೋರಿಸುತ್ತಾರೆ. ನಂಬಿಕೆ ಬರದಿದ್ದರೆ ಯಾವುದಾದರೂ ಕಟ್ಟಡದ ಮೂಲೆಗೆ ಹೋಗಿ ಅಂಟಿಕೊಳ್ಳಿ. ಈ ಕಡೆ ಕಿಟಕಿಯಲ್ಲಿ ಒಂದು ಕೋಣೆ ಕಂಡರೆ, ಮೂಲೆ ತಿರುಗಿ ಆ ಕಡೆಯಿಂದ ನೋಡಿದಾಗ ಅದೇ ಜಾಗದಲ್ಲಿ ಬೇರೊಂದು ಕೋಣೆ ಕಾಣಬಹುದು. ಇಡೀ ಮ್ಯಾನ್‌ಹ್ಯಾಟನ್‌ನ ಕಿಟಕಿಗಳಿಗೆಲ್ಲ ನಿಜವಾದ ಕೋಣೆ ಕಟ್ಟುತ್ತಾ ಕೂತರೆ ಯಾವ ಯಂತ್ರವೂ ತಡೆಯುವುದಿಲ್ಲ. ಅದರ ಬದಲು ಬೀದಿಗೆ ಇಳಿದು ಬೋರ್ಡುಗಳನ್ನು ಓದಿ, ಬೇರೆ ಮಾರ್ವೆಲ್ ಕಥೆಗಳ ಜಾಗಗಳು ಸಿಗುತ್ತವೆ. ನೆಲ್ಸನ್ ಮತ್ತು ಮರ್ಡಾಕ್ ವಕೀಲರ ಕಚೇರಿ, ಜೆಸ್ಸಿಕಾ ಜೋನ್ಸ್‌ಳ ಏಲಿಯಾಸ್ ಪತ್ತೇದಾರಿ ಕಚೇರಿ, ವಕಾಂಡ ರಾಯಭಾರ ಕಚೇರಿ, ಡಾಕ್ಟರ್ ಸ್ಟ್ರೇಂಜ್‌ನ ದುಂಡು ಕಿಟಕಿಯ ಮನೆ ಎಲ್ಲ ಅಲ್ಲೇ ಇವೆ.

ಪ್ರಶ್ನೆ: ಸ್ಪೈಡರ್ ಮ್ಯಾನ್‌ನ ಮುಂದಿನ ಆಟ ‘ಮೈಲ್ಸ್ ಮೊರಾಲೆಸ್’ನಲ್ಲಿ ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡ ಮಾಯವಾಗಿದೆ. ಯಾವ ವಿಲನ್ ಬೀಳಿಸಿದ್ದು?

ಯಾರೂ ಬೀಳಿಸಿಲ್ಲ. ನಿಜವಾದ ಕಟ್ಟಡ 2019ರಲ್ಲಿ ಕೈ ಬದಲಾಯಿತು, ಅದರ ರೂಪ ಬಳಸುವ ಬಗ್ಗೆ ಒಪ್ಪಂದ ಆಗಲಿಲ್ಲ. ಅಷ್ಟೆ.

ಪ್ರಶ್ನೆ: 2018ರ ‘ಸ್ಪೈಡರ್ ಮ್ಯಾನ್’ನಲ್ಲಿ ಅವನನ್ನು ಸಾಕಿದ ಅಂಕಲ್ ಬೆನ್ ಸಮಾಧಿ ಎಲ್ಲಿದೆ? ಬೇಗ ಟ್ರೋಫಿ ಬೇಕು.

ಹಾರ್ಲೆಮ್‌ನ ಸ್ಮಶಾನದಲ್ಲಿ. ಗುಂಡಿ ಒತ್ತಿ, ಟ್ರೋಫಿ ಬರುತ್ತದೆ. ಆದರೆ ಬಂದ ತಕ್ಷಣ ಹಾರಿಬಿಡಬೇಡಿ. ಅಲ್ಲಿ ಒಂದು ನಿಮಿಷ ನಿಲ್ಲಿ. ಎಷ್ಟೋ ಜನ ಹೆಸರನ್ನೂ ಓದದೆ ಓಡುತ್ತಾರೆ, ಅದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ‘ಆರ್ಕಮ್ ಸಿಟಿ’ಯ ಕ್ರೈಮ್ ಆಲಿಯಲ್ಲೂ ಹೀಗೇ. ಮೊನಾರ್ಕ್ ಥಿಯೇಟರ್ ಹಿಂದಿನ ಓಣಿಯಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಎರಡು ಆಕಾರ ಇವೆ, ಬ್ರೂಸ್‌ನ, ಅಂದರೆ ಬ್ಯಾಟ್‌ಮ್ಯಾನ್‌ನ, ಕೊಲೆಯಾದ ಅಪ್ಪ ಅಮ್ಮನದು. ಗುಂಡಿ ಒತ್ತಿದರೆ ಬ್ಯಾಟ್‌ಮ್ಯಾನ್ ಮಂಡಿಯೂರಿ ಕೂರುತ್ತಾನೆ. ನೀವು ಎಬ್ಬಿಸದೆ ಬಿಡಿ, ಅವನು ಕೂತೇ ಇರುತ್ತಾನೆ.

‘ಮೈಲ್ಸ್ ಮೊರಾಲೆಸ್’ ಆಡುವವರಿಗೆ ಇನ್ನೊಂದು ಜಾಗ ಹೇಳುತ್ತೇನೆ, ಯಾರೂ ಕೇಳದಿದ್ದರೂ. 2018ರ ಆಟದಲ್ಲಿ, ಸ್ಪೈಡರ್ ಮ್ಯಾನ್‌ನನ್ನು ಸೃಷ್ಟಿಸಿದವರಲ್ಲಿ ಒಬ್ಬರಾದ ಸ್ಟಾನ್ ಲೀ ಮಿಕ್ ಎಂಬ ಹೆಸರಲ್ಲಿ ಒಂದು ಡೈನರ್‌ನಲ್ಲಿ ಕಾಣಿಸಿಕೊಂಡಿದ್ದರು. ಅವರು ತೀರಿಕೊಂಡಿದ್ದು 2018ರ ನವೆಂಬರ್ 12ಕ್ಕೆ. ‘ಮೈಲ್ಸ್ ಮೊರಾಲೆಸ್’ ಬಂದಿದ್ದು ಸರಿಯಾಗಿ ಎರಡು ವರ್ಷಕ್ಕೆ, ಅದೇ ದಿನ. ಆ ಡೈನರ್ ಮುಂದೆ ಈಗ ಅವರದೊಂದು ಪ್ರತಿಮೆ ಇದೆ. ವಕಾಂಡ ರಾಯಭಾರ ಕಚೇರಿ ಹತ್ತಿರದ ಬೀದಿಗೆ 2020ರಲ್ಲಿ ತೀರಿಕೊಂಡ, ಸಿನಿಮಾದಲ್ಲಿ ವಕಾಂಡದ ದೊರೆ ಬ್ಲ್ಯಾಕ್ ಪ್ಯಾಂಥರ್ ಆಗಿದ್ದ ನಟ ಚಾಡ್ವಿಕ್ ಬೋಸ್‌ಮನ್ ಹೆಸರಿಟ್ಟಿದ್ದಾರೆ. ಎರಡಕ್ಕೂ ಜಾಲ ಹಾಕಿ ತೂಗಾಡಿಕೊಂಡು ಹೋಗಬೇಡಿ, ಕೆಳಗಿಳಿದು ನಡೆದು ಹೋಗಿ. ಮೇಲಿಂದ ಹೋದರೆ ಬೋರ್ಡ್ ಓದಲು ಆಗುವುದಿಲ್ಲ.