ಹುಚ್ಚೆಳ್ಳೆಣ್ಣೆಯ ಗುಣ ವರ್ಷಕ್ಕೊಂದು ಬಗೆ ಏಕೆ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಖುಷ್ಕಿ ಜಮೀನು. ರಾಗಿಯ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಬಿತ್ತಿ, ಮನೆಬಳಕೆಗೆ ಗಾಣದಲ್ಲಿ ಎಣ್ಣೆ ತೆಗೆಸುತ್ತೇವೆ. ಬೀಜ ಪ್ರತಿ ವರ್ಷವೂ ಮನೆಯದೇ ಆದರೂ ಒಂದು ವರ್ಷದ ಎಣ್ಣೆ ಬೇಗ ಕಮಟು ಹಿಡಿಯುತ್ತದೆ, ಇನ್ನೊಂದು ವರ್ಷದ್ದು ಬಾಳಿಕೆ ಬರುತ್ತದೆ. ಇದು ತಳಿಯ ಗುಣವೋ, ಹವೆಯ ಪ್ರಭಾವವೋ? ಒಳ್ಳೆಯ ಎಣ್ಣೆಯ ಗಿಡಗಳನ್ನು ನಾವೇ ಆರಿಸಿ ಬೆಳೆಸಬಹುದೇ?

ಉತ್ತರ: ಎರಡರ ಪಾಲೂ ಇದರಲ್ಲಿದೆ. ಉತ್ತರ ಕರ್ನಾಟಕದವರು ಗುರೆಳ್ಳು ಎನ್ನುವ ಈ ಬೆಳೆಯ ಎಣ್ಣೆಯಲ್ಲಿ ಲಿನೋಲಿಕ್ ಮತ್ತು ಓಲಿಕ್ ಎಂಬ ಎರಡು ಕೊಬ್ಬಿನಾಮ್ಲಗಳೇ ಮುಖ್ಯ. ಲಿನೋಲಿಕ್ ಆಮ್ಲವು ಓಲಿಕ್‌ಗಿಂತ ಹತ್ತು ಪಟ್ಟಿನಷ್ಟು ವೇಗವಾಗಿ ಗಾಳಿಯ ಆಮ್ಲಜನಕದೊಡನೆ ವರ್ತಿಸುವುದರಿಂದ, ಅದರ ಪಾಲು ಹೆಚ್ಚಿದಷ್ಟೂ ಎಣ್ಣೆ ಬೇಗ ಕಮಟುತ್ತದೆ. ಬೆಳೆಯ ತವರಾದ ಇಥಿಯೋಪಿಯಾದ ಎತ್ತರ ಪ್ರದೇಶದ ಎಣ್ಣೆಯಲ್ಲಿ ಲಿನೋಲಿಕ್ ಪಾಲು ಸಾಮಾನ್ಯವಾಗಿ ಶೇಕಡಾ 70ನ್ನು ಮೀರುತ್ತದೆ. ಭಾರತದ ಅನೇಕ ಮಾದರಿಗಳಲ್ಲಿ ಅದು ಇದಕ್ಕಿಂತ ಕಡಿಮೆಯಿದ್ದು, ಓಲಿಕ್ ಹೆಚ್ಚಿದೆ.

ಕಾಳಿನೊಳಗೆ ಮೊದಲು ಓಲಿಕ್ ಆಮ್ಲ ತಯಾರಾಗುತ್ತದೆ, ಬಳಿಕ ಒಂದು ಕಿಣ್ವವು ಅದನ್ನು ಲಿನೋಲಿಕ್ ಆಗಿ ಮಾರ್ಪಡಿಸುತ್ತದೆ. ಆ ಕಿಣ್ವ ಎಷ್ಟು ಚುರುಕು ಎಂಬುದನ್ನು ಗಿಡದ ವಂಶವಾಹಿಗಳು ನಿರ್ಧರಿಸುತ್ತವೆ. ಆದರೆ ಕಾಳು ಕಟ್ಟುವ ಹೊತ್ತಿನ ಉಷ್ಣಾಂಶವೂ ಅದನ್ನು ಏರಿಳಿಸುತ್ತದೆ. ಚಳಿ ಬಿದ್ದಾಗ ಲಿನೋಲಿಕ್ ಹೆಚ್ಚುತ್ತದೆ, ಬಿಸಿಲಿನ ಹವೆಯಲ್ಲಿ ಓಲಿಕ್ ಉಳಿದುಕೊಳ್ಳುತ್ತದೆ. ಮಳೆ ತಡವಾಗಿ ಬಿತ್ತನೆ ಹಿಂದೆ ಬಿದ್ದ ವರ್ಷ ನಿಮ್ಮ ಕಾಳು ಚಳಿಯಲ್ಲಿ ಬಲಿತಿರಬಹುದು. ಸರಿಯಾಗಿ ಒಣಗದ ಕಾಳನ್ನು ಗಾಣಕ್ಕೆ ಹಾಕಿದರೂ, ಎಣ್ಣೆಯನ್ನು ಬೆಳಕಿಗೆ ಇಟ್ಟರೂ ಇದೇ ದೋಷ ಕಾಣುವುದರಿಂದ, ತಳಿಯನ್ನು ದೂರುವ ಮೊದಲು ಅವೆರಡನ್ನೂ ಪರೀಕ್ಷಿಸಿ.

ಆಯ್ಕೆಯ ವಿಷಯ ಇನ್ನೂ ಕಠಿಣ. ಹುಚ್ಚೆಳ್ಳಿನ ಗಿಡ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಒಂದು ಹಳದಿ ಹೂವನ್ನು ಬಿಡಿಸಿ ನೋಡಿದರೆ ನಡುವೆ ಹತ್ತಾರು ಪುಟ್ಟ ಕೊಳವೆ ಹೂಗಳಿರುತ್ತವೆ. ಜೇನು ಬೇರೆ ಬೇರೆ ಗಿಡಗಳಿಂದ ಪರಾಗ ತರುವುದರಿಂದ ಒಂದೇ ಹೂತಲೆಯ ಕಾಳುಗಳಿಗೂ ತಂದೆ ಗಿಡಗಳು ಬೇರೆ ಬೇರೆಯಾಗಿರಬಹುದು. ಆದ್ದರಿಂದ ಉತ್ತಮ ಗಿಡವೆಂದು ನೀವು ಆರಿಸಿದ್ದರಲ್ಲಿ ತಾಯಿಯ ಅರ್ಧ ಪಾಲಷ್ಟೇ ನಿಮ್ಮ ಕೈಯಲ್ಲಿರುತ್ತದೆ. ತನಗೆ ತಾನೇ ಫಲಿಸುವ ಶೇಂಗಾದಲ್ಲಿ ಈ ತೊಡಕಿಲ್ಲ. ಅಧಿಕ ಓಲಿಕ್‌ನ ಗಿರ್ನಾರ್-4 ಮತ್ತು ಗಿರ್ನಾರ್-5 ತಳಿಗಳು 2020ರಲ್ಲಿ ರೈತರ ಕೈ ಸೇರಲು ಅದೂ ಒಂದು ಕಾರಣ.

ಮೇಲಾಗಿ ಕಾಳಿನ ಕಪ್ಪು ಹೊಳಪಾಗಲಿ ಗಾತ್ರವಾಗಲಿ ಕೊಬ್ಬಿನಾಮ್ಲದ ಪ್ರಮಾಣವನ್ನು ತಿಳಿಸುವುದಿಲ್ಲ. ಸಿಪ್ಪೆ ತೆಳುವಾದ ಕಾಳಿನಲ್ಲಿ ಎಣ್ಣೆ ಹೆಚ್ಚಿರುತ್ತದೆ ನಿಜ, ಆದರೆ ಅದು ಪ್ರಮಾಣದ ಮಾತು, ಗುಣದ್ದಲ್ಲ. ತಳಿ ವಿಜ್ಞಾನಿಗಳು ಕಾಳಿನ ಒಂದು ತುದಿಯನ್ನು ಬ್ಲೇಡಿನಿಂದ ಕತ್ತರಿಸಿ ಅದರ ಎಣ್ಣೆಯನ್ನು, ಕೊಬ್ಬಿನಾಮ್ಲಗಳನ್ನು ಬೇರ್ಪಡಿಸಿ ಅಳೆಯುವ ಅನಿಲ ವರ್ಣಲೇಖ (ಗ್ಯಾಸ್ ಕ್ರೊಮ್ಯಾಟೋಗ್ರಾಫ್) ಯಂತ್ರದಲ್ಲಿ ಪರೀಕ್ಷಿಸುತ್ತಾರೆ. ಮೊಳಕೆಯ ಭಾಗವಿರುವ ಉಳಿದರ್ಧವನ್ನು ಜೋಪಾನವಾಗಿ ಬಿತ್ತುತ್ತಾರೆ. ಈ ದಾರಿಯಲ್ಲಿ ಇಥಿಯೋಪಿಯಾದ ಬೀಜಗಳಿಂದ ಅಧಿಕ ಓಲಿಕ್‌ನ ಗಿಡಗಳನ್ನು ಪಡೆದಿದ್ದಾರೆ. ಅಂಥ ಗುಣದ ಗಿಡಗಳು ನಮ್ಮ ಹಳೆಯ ಬೀಜಗಳಲ್ಲೂ ಅಡಗಿರಬಹುದು ಎಂದೇ ನನ್ನ ಭಾವನೆ. ಆದ್ದರಿಂದ ಹೊಸ ತಳಿ ತಂದರೂ ಮನೆಯ ಬೀಜವನ್ನು ದಯವಿಟ್ಟು ಕೈಬಿಡಬೇಡಿ.

ಪ್ರಶ್ನೆ: ಹಾಗಾದರೆ ಬಿತ್ತನೆಗೆ ಚೆನ್ನಾಗಿ ಕಾಳು ಕಟ್ಟಿದ ನಾಲ್ಕೈದು ಗಿಡಗಳ ಬೀಜವನ್ನಷ್ಟೇ ಇಟ್ಟುಕೊಂಡರೆ ಸಾಕೇ?

ಉತ್ತರ: ಸಾಲದು. ಅಷ್ಟು ಕಡಿಮೆ ಗಿಡಗಳಿಂದ ಬೀಜ ಮುಂದುವರಿಸಿದರೆ ಕೆಲವೇ ವರ್ಷಗಳಲ್ಲಿ ಹೊಲದ ಗಿಡಗಳೆಲ್ಲ ಹತ್ತಿರದ ಬಂಧುಗಳಾಗಿ, ಒಂದರ ಪರಾಗವನ್ನು ಇನ್ನೊಂದು ನಿರಾಕರಿಸಿ, ಹೂ ತುಂಬಿದ್ದರೂ ಕಾಳು ಜೊಳ್ಳಾಗುತ್ತದೆ. ರೋಗವಿಲ್ಲದ, ಒಂದೇ ಕಾಲಕ್ಕೆ ಬಲಿತ ನೂರಕ್ಕೂ ಹೆಚ್ಚು ಗಿಡಗಳಿಂದ, ಹೊಲದ ಬೇರೆ ಬೇರೆ ಕಡೆಯಿಂದ ಸಮನಾಗಿ ಕಾಳು ತೆಗೆದು, ಬೆರೆಸಿ, ಒಣಗಿಸಿ ಇಡಿ. ನೆರೆಯ ಹೊಲದಲ್ಲಿ ಬೇರೆ ತಳಿಯಿದ್ದರೆ ಆ ಬದಿಯ ಸಾಲುಗಳ ಕಾಳನ್ನು ಬಿತ್ತನೆಗೆ ಇಡದೆ ಗಾಣಕ್ಕೆ ಕಳುಹಿಸಿ.