ಅ ಆ ಇ ಈ ಬಿಟ್ಟು ರ ಗ ಸ ಯಾಕೆ?

ಓದುಗರ ಪ್ರಶ್ನೆ – ಶಿಕ್ಷಕರ ಉತ್ತರ

ಪ್ರಶ್ನೆ: ಮಗ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿ. ಚೌತಿ ಕಳೆದರೂ ಅ ಆ ಇ ಈ ಸಾಲಾಗಿ ಹೇಳಲು ಬರುವುದಿಲ್ಲ. ಆದರೆ 'ಗರಗಸ' ಎಂದು ಬರೆಯುತ್ತಾನೆ! ಶಾಲೆಗೆ ಹೋಗಿ ನೋಡಿದರೆ ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತು ಮಾತಾಡುತ್ತಿರುತ್ತಾರೆ, ಅಕ್ಕೋರು (ಶಿಕ್ಷಕಿ) ಒಂದೇ ಗುಂಪಿನ ಹತ್ತಿರ ಇರುತ್ತಾರೆ. ಇದು ಪಾಠವೇ? – ಒಬ್ಬ ತಾಯಿ, ಕುಮಟಾ

ಉತ್ತರ: ಪಾಠವೇ. ನೀವು ನೋಡಿದ್ದು ನಲಿ-ಕಲಿ ತರಗತಿ: ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡ್ ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆ ಬಂತು.

ಮೊದಲು ಅಕ್ಷರದ ವಿಷಯ. 13 ಸ್ವರಗಳನ್ನು ಕ್ರಮವಾಗಿ ಕಲಿಸಲು ವಾರಗಳೇ ಬೇಕು. ಅಷ್ಟು ಕಲಿತರೂ 'ಆ', 'ಈ' ಬಿಟ್ಟರೆ ಮಗುವಿಗೆ ಓದಲು ಹೆಚ್ಚೇನೂ ಸಿಗುವುದಿಲ್ಲ. ಅದೇ ರ, ಗ, ಸ, ದ, ಅ ಐದೇ ಅಕ್ಷರ ಬಂದರೆ ಸಾಕು: ಸರ, ರಸ, ದರ, ಅಗಸ, ಗರಗಸ. ಕಲಿತ ಅಕ್ಷರ ಆ ವಾರವೇ ಪದವಾಗುತ್ತದೆ. ನಿಮ್ಮ ಮಗ ಓದುತ್ತಿದ್ದಾನೆ, ಬಾಯಿಪಾಠ ಒಪ್ಪಿಸುತ್ತಿಲ್ಲ. ವರ್ಣಮಾಲೆಯ ಕ್ರಮ ಮುಂದೆ ಬಂದೇ ಬರುತ್ತದೆ.

ಮನೆಯಲ್ಲಿ ಅ ಆ ಇ ಈ ಹತ್ತು ಸಲ ಬರೆಸಬೇಡಿ. ಹಾಗೆ ಕಲಿತ ಮಗು ಹಾಡಿನಂತೆ ಹೇಳುತ್ತದೆ, ನಡುವೆ 'ಈ' ಒಂದನ್ನೇ ತೋರಿಸಿದರೆ ಮತ್ತೆ 'ಅ'ದಿಂದ ಎಣಿಸಿಕೊಂಡು ಬರುತ್ತದೆ. ಅದರ ಬದಲು ಹಳೇ ಲಗ್ನಪತ್ರಿಕೆಯ ಖಾಲಿ ಬದಿಯನ್ನು ಅಂಗೈಯಗಲಕ್ಕೆ ಕತ್ತರಿಸಿ, ಐದು ಅಕ್ಷರ ಬರೆಯಿರಿ. 'ರಸ' ಜೋಡಿಸಿ. ಅದರ ಎಡಕ್ಕೆ 'ಅ' ಇಟ್ಟು ಓದಿಸಿ: ಅರಸ. 'ದರ' ಜೋಡಿಸಿ, ಮತ್ತೆ 'ಅ': ಅದರ. ಒಂದೇ ಅಕ್ಷರ ಸೇರಿದ್ದಕ್ಕೆ ಪದ ಬೇರೆಯಾದದ್ದು ಕಂಡಾಗ ಮಕ್ಕಳ ಕಣ್ಣು ಅರಳುತ್ತದೆ. 15 ನಿಮಿಷ ಸಾಕು. ಬರೆಯುವಾಗ ತಲೆಕಟ್ಟು ಬಿಡುವ ಮಗುವಿಗೆ ತಟ್ಟೆಯಲ್ಲಿ ಎರಡು ಹಿಡಿ ಅಕ್ಕಿ ಹರಡಿ, ತೋರುಬೆರಳಿನಿಂದ ದೊಡ್ಡದಾಗಿ ತಿದ್ದಿಸಿ.

ಇನ್ನು ಗುಂಪು. ಮಗು ಕಲಿಕಾ ಏಣಿಯಲ್ಲಿ (ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ) ತನ್ನ ಮೆಟ್ಟಿಲು ನೋಡಿ, ಅಲ್ಲಿನ ಲೋಗೋ, ಅಂದರೆ ಗುರುತಿನ ಚಿತ್ರ ಇರುವ ಕಾರ್ಡ್ ತಗೊಂಡು, ಅದಕ್ಕೆ ಹೇಳಿದ ಗುಂಪಿನಲ್ಲಿ ಕೂರುತ್ತದೆ. ಹೊಸತು ಕಲಿಯುವವರು ಅಕ್ಕೋರ ಹತ್ತಿರ, ಅಭ್ಯಾಸ ಮಾಡುವವರು ಜೊತೆಗಾರರ ಹತ್ತಿರ, ಪಕ್ಕಾ ಆದವರು ತಾವೇ. ಜ್ವರವೋ ಜಾತ್ರೆಯೋ ಎಂದು ವಾರ ತಪ್ಪಿಸಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಗದ್ದಲಕ್ಕೆ ಹೆದರಬೇಡಿ. ಕೈಯಲ್ಲಿ ಕಾರ್ಡ್ ಇಲ್ಲದೆ ಸುಮ್ಮನೆ ಕೂತ ಮಗು ಇದೆಯೇ, ನಿಮ್ಮ ಮಗ ಹದಿನೈದು ದಿನದಿಂದ ಒಂದೇ ಮೆಟ್ಟಿಲಿನಲ್ಲಿ ಇದ್ದಾನೆಯೇ, ಇದನ್ನು ನೋಡಿ. ಮೂರು ತರಗತಿಗೆ ಒಬ್ಬರೇ ಅಕ್ಕೋರು ಇರುವಲ್ಲಿ ಎಡವಟ್ಟಾಗುವುದು ಇಲ್ಲೇ: ಪಕ್ಕದವರದ್ದು ನೋಡಿ ಬರೆದ ಮಗು ಕಲಿಯದೆಯೇ ಮೆಟ್ಟಿಲು ಹತ್ತಿಬಿಡುತ್ತದೆ.

ಪ್ರಶ್ನೆ: ನಮ್ಮ ಮನೆಮಾತು ಕೊಂಕಣಿ. ಎರಡನೇ ತರಗತಿಯ ಮಗಳು 'ಇಪ್ಪತ್ತೈದು' ಎಂದರೆ 52 ಬರೆಯುತ್ತಾಳೆ. ಮನೆಯಲ್ಲೂ ಕನ್ನಡವನ್ನೇ ಆಡಬೇಕೇ? – ಒಬ್ಬ ತಂದೆ, ಕಾರವಾರ

ಉತ್ತರ: ಖಂಡಿತ ಬೇಡ. ಕನ್ನಡದಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ. ಕೊಂಕಣಿಯ 'ಪಂಚವೀಸ'ದಲ್ಲಿ ಐದೇ ಮೊದಲು ಕೇಳುತ್ತದೆ. ಮನಸ್ಸಿನಲ್ಲಿ ಕೊಂಕಣಿಗೆ ತಿರುಗಿಸಿಕೊಂಡು ಕೇಳಿದ ಕ್ರಮದಲ್ಲೇ ಬರೆದರೆ 52 ಆಗುತ್ತದೆ. ಅದೇ ಕಾರಣವೋ ಎಂದು ಪರೀಕ್ಷಿಸಿ: 23, 25, 34, 41, 47 ಇವನ್ನು ಒಂದು ದಿನ ಕನ್ನಡದಲ್ಲಿ, ಮರುದಿನ ಕೊಂಕಣಿಯಲ್ಲಿ ಹೇಳಿ ಬರೆಸಿ. (22, 33 ಬೇಡ, ತಿರುವಿದರೂ ಗೊತ್ತಾಗದು.) ಕೊಂಕಣಿಯ ದಿನ ತಪ್ಪು ಹೆಚ್ಚಿದ್ದರೆ ಕಾರಣ ಅದೇ. ಎರಡೂ ದಿನ ಒಂದೇ ಥರ ತಿರುವಿದರೆ ಸ್ಥಾನಬೆಲೆಯೇ ಇನ್ನೂ ಕೂತಿಲ್ಲ.

ಎರಡಕ್ಕೂ ಮದ್ದು ತೆಂಗಿನ ಗರಿಯ ಕಡ್ಡಿ. ಬೆರಳುದ್ದದ 50 ಕಡ್ಡಿ ಕತ್ತರಿಸಿ, ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಕಟ್ಟನ್ನು ಮಗಳೇ ಎಣಿಸಿ ಕಟ್ಟಬೇಕು, ನೀವು ಕಟ್ಟಿಕೊಟ್ಟರೆ ಅವಳಿಗೆ ಅದು ಬರೀ 'ಒಂದು' ವಸ್ತು. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಎಡಕ್ಕೆ ಕಟ್ಟು, ಬಲಕ್ಕೆ ಬಿಡಿ ಕಡ್ಡಿ. 'ಪಂಚವೀಸ' ಎಂದಾಗ ಎರಡು ಕಟ್ಟು, ಐದು ಬಿಡಿ ಇಟ್ಟು, ಕಟ್ಟಿನಿಂದ ಶುರುಮಾಡಿ ಬರೆಯಲಿ. ಯಾವ ಭಾಷೆಯಲ್ಲಿ ಕೇಳಿದರೂ ಇಡುವ ಜಾಗ ಒಂದೇ.

ಕೊಂಕಣಿ ಇಲ್ಲಿ ಒಂದು ದೊಡ್ಡ ಉಪಕಾರವನ್ನೂ ಮಾಡುತ್ತದೆ. 29ಕ್ಕೆ 'ಎಕುಣತೀಸ', ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಮೂರು ಕಟ್ಟು ಇಡಿಸಿ, "ಒಂದು ಕಡ್ಡಿ ಕೊಡು" ಎನ್ನಿ. ಬಿಡಿ ಕಡ್ಡಿ ಇಲ್ಲ. ಸ್ವಲ್ಪ ಹೊತ್ತು ನಿಮ್ಮ ಮುಖ ನೋಡಿ, ಆಮೇಲೆ ಒಂದು ಕಟ್ಟು ಬಿಚ್ಚುತ್ತಾಳೆ. ಉಳಿದದ್ದು ಎರಡು ಕಟ್ಟು, ಒಂಬತ್ತು ಬಿಡಿ. ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದು ಎಂದರೆ ಇದೇ. ಆ ಕಟ್ಟು ಬಿಚ್ಚುವ ತನಕ ನೀವು ಬಾಯಿ ಬಿಡಬೇಡಿ.

ಪ್ರಶ್ನೆ: ಮಗ "ಅಕ್ಕ ಬಂತು" ಎಂದು ಬರೆದದ್ದಕ್ಕೆ ಕೆಂಪು ಗೆರೆ ಬಿದ್ದಿದೆ. ಮನೆಯಲ್ಲಿ ನಾವು ಆಡುವುದೇ ಹಾಗೆ. – ಓದುಗರು, ಶಿರಸಿ

ಉತ್ತರ: ಹವ್ಯಕರ ಮನೆಮಾತಿನಲ್ಲಿ ಅದೇ ಸರಿ. ಪುಸ್ತಕದ ಕನ್ನಡಕ್ಕೆ 'ಬಂದಳು' ಬೇಕು, ಅಷ್ಟೇ. ಪುಟದ ನಡುವೆ ಗೆರೆ ಎಳೆದು ಒಂದು ಬದಿ ಮನೆಮಾತು, ಇನ್ನೊಂದು ಬದಿ ಪುಸ್ತಕದ ಮಾತು ಬರೆಸಿ: ಬಂತು–ಬಂದಳು, ಹೋತು–ಹೋದಳು. ದಿನಕ್ಕೆ ಎರಡು ಜೋಡಿ. ತಪ್ಪು ಎಂಬ ಮಾತು ಎತ್ತಬೇಡಿ. ತನ್ನ ಮನೆಯ ಮಾತೇ ತಪ್ಪು ಎಂದು ಕೇಳಿದ ಮಗು ತರಗತಿಯಲ್ಲಿ ಬಾಯಿ ಮುಚ್ಚಿ ಕೂರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಕಾರ್ಡ್‌ಗಳಿಗೆ ಬೂಸ್ಟು ಹಿಡಿಯುತ್ತದೆ, ಏನು ಮಾಡುವುದು? – ಒಬ್ಬ ಶಿಕ್ಷಕಿ, ಹೊನ್ನಾವರ

ಉತ್ತರ: ಕಾರ್ಡ್ ಇಡುವ ತಟ್ಟೆಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ಚಿರೆಕಲ್ಲಿನ ಗೋಡೆ ತೇವ ಎಳೆಯುತ್ತದೆ. ಲ್ಯಾಮಿನೇಷನ್ ಮಾಡಿಸುವಾಗ ಕಾಗದದ ಅಂಚಿಗೇ ಕತ್ತರಿಸಿದರೆ ಅಲ್ಲಿಂದ ನೀರು ಒಳಗಿಳಿಯುತ್ತದೆ. ಸುತ್ತಲೂ ಅರ್ಧ ಬೆರಳು ಪ್ಲಾಸ್ಟಿಕ್ ಬಿಡಲು ಹೇಳಿ. ಶನಿವಾರ ಒಣಬಟ್ಟೆಯಿಂದ ಒರೆಸುವ ಕೆಲಸ ಮೂರನೇ ತರಗತಿಯವರಿಗೆ ಕೊಡಿ, ಒರೆಸುತ್ತ ಓದಿಯೂ ಓದುತ್ತಾರೆ.