ಮುಗಿಯದ ಪಟ್ಟಿ: ಒಬ್ಬ ಬಿ.ಕಾಂ. ವಿದ್ಯಾರ್ಥಿನಿಯ ಪ್ರಕರಣ

ಓದಲು ಕೂತರೆ ಎದೆ ಡವಗುಟ್ಟುತ್ತದೆ, ತನ್ನಿಂದ ಡಿಗ್ರಿ ಮುಗಿಸಲಾಗದು ಎಂದು ಹೇಳಿಕೊಂಡು ಬಿ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಆಪ್ತಸಲಹೆಗೆ ನನ್ನ ಬಳಿ ಬಂದಳು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಲಾಗಿದೆ.) ದಿನವೂ ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುವ ಆಕೆ ಸೋಮಾರಿಯಲ್ಲವೆಂಬುದು ಅವಳು ದಿನದ ಕೆಲಸಗಳ ಪಟ್ಟಿ ಬರೆಯುತ್ತಿದ್ದ ನೋಟ್‌ಬುಕ್ ತೆರೆದ ಕೂಡಲೇ ತಿಳಿಯಿತು. ‘ಕಾಸ್ಟ್ ಅಕೌಂಟಿಂಗ್ ಮುಗಿಸಬೇಕು’, ‘ಅಸೈನ್‌ಮೆಂಟ್’, ‘ಇಂಗ್ಲಿಷ್ ಸುಧಾರಿಸಿಕೊಳ್ಳಬೇಕು’, ‘ಇಂಟರ್ನಲ್ಸ್‌ಗೆ ಓದು’ ಎಂಬ ಸಾಲುಗಳು ಒಂದು ಪುಟದಿಂದ ಮರುದಿನದ ಪುಟಕ್ಕೆ ಹಾಗೆಯೇ ಇಳಿದು ಬಂದಿದ್ದವು. ಅವುಗಳ ಕೆಳಗಿನ ಕೆಂಪು ಗೆರೆಗಳಷ್ಟೇ ಹೆಚ್ಚುತ್ತಾ ಹೋಗಿದ್ದವು.

ಅಲ್ಲಿದ್ದವೆಲ್ಲ ಅವಳ ಚಿಂತೆಗಳು. ಕೂತ ಕೂಡಲೇ ಕೈಹಚ್ಚಬಹುದಾದ ಕೆಲಸ ಒಂದೂ ಇರಲಿಲ್ಲ. ಆದ್ದರಿಂದ ಮೊದಲ ಸಾಲನ್ನು ಇಬ್ಬರೂ ಸೇರಿ ಹೀಗೆ ತಿದ್ದಿದೆವು: ‘ಸ್ಟೋರ್ಸ್ ಲೆಡ್ಜರ್, ಫಿಫೋ ವಿಧಾನದ 3 ಮತ್ತು 4ನೇ ಲೆಕ್ಕ, ಮಧ್ಯಾಹ್ನ 2.30ಕ್ಕೆ, ಲೈಬ್ರರಿಯಲ್ಲಿ.’ (ಫಿಫೋ ಎಂದರೆ ಮೊದಲು ಬಂದ ಸರಕು ಮೊದಲು ಹೊರಹೋಯಿತೆಂದು ಲೆಕ್ಕ ಹಿಡಿಯುವ ವಿಧಾನ.) ‘ಅಸೈನ್‌ಮೆಂಟ್’ ಏಕೆ ಮುಂದಕ್ಕೆ ಹೋಗುತ್ತಿದೆಯೆಂದು ಕೆದಕಿದಾಗ, ಎರಡನೆಯ ಪ್ರಶ್ನೆಯಲ್ಲಿ ಏನು ಕೇಳಿದ್ದಾರೆಂಬುದೇ ಅವಳಿಗೆ ಅರ್ಥವಾಗಿರಲಿಲ್ಲ ಎಂಬುದು ಹೊರಬಂತು. ಹಾಗಾಗಿ ಅದರ ಜಾಗದಲ್ಲಿ ‘ನಾಳೆ ಮೊದಲ ಪೀರಿಯಡ್ ಮುಗಿದ ಮೇಲೆ ಮೇಷ್ಟ್ರನ್ನು ಕೇಳುವುದು’ ಎಂದು ಬರೆಸಿದೆ. ಮೂರು ದಿನ ಮುಂದಕ್ಕೆ ಹೋದ ಯಾವುದೇ ಸಾಲನ್ನು ನಾಲ್ಕನೆಯ ದಿನ ನಕಲು ಮಾಡದೆ, ಒಡೆದು ಸಣ್ಣದಾಗಿಸಬೇಕು ಇಲ್ಲವೇ ತಡೆ ಎಲ್ಲಿದೆಯೆಂದು ಹುಡುಕಬೇಕು ಎಂದು ತಿಳಿಸಿದೆ. ಇಂಗ್ಲಿಷಿನ ಆಸೆಯನ್ನು ರಜೆಯವರೆಗೆ ಬೇರೆ ಪುಟದಲ್ಲಿ ಬರೆದಿಡಲು ಹೇಳಿದೆ.

ಬಸ್ಸಿನ ಹೊತ್ತು, ಸಂಜೆ ಹಾಲು ಕರೆಯುವುದು, ತಮ್ಮನಿಗೆ ಪಾಠ ಹೇಳಿಕೊಡುವುದು ಇವೆಲ್ಲವನ್ನೂ ಲೆಕ್ಕ ಹಾಕಿದರೆ ಅವಳಿಗೆ ಉಳಿಯುತ್ತಿದ್ದುದು ಹೆಚ್ಚೆಂದರೆ ಎರಡು ಗಂಟೆ. ಪಟ್ಟಿಯಲ್ಲಿದ್ದುದು ಇಡೀ ದಿನ ಬೇಡುವ ಓದು. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಪ್ರಬಂಧ ಸರಾಸರಿ 34 ದಿನಗಳಲ್ಲಿ ಮುಗಿಯುತ್ತದೆಂದು ಅಂದಾಜಿಸಿದ್ದ ಪದವಿ ವಿದ್ಯಾರ್ಥಿಗಳು ಅದಕ್ಕೆ ತೆಗೆದುಕೊಂಡದ್ದು ಸುಮಾರು 55 ದಿನ ಎಂದು ಹೇಳಿದಾಗ, ‘ಹಾಗಾದರೆ ಎಲ್ಲರಿಗೂ ಹೀಗೇ ಆಗುತ್ತದಾ?’ ಎಂದು ಕೇಳಿದಳು. ಆ ಪ್ರಶ್ನೆಯಲ್ಲಿದ್ದ ನಿರಾಳ ನನಗೆ ಮುಖ್ಯವೆನಿಸಿತು, ಏಕೆಂದರೆ ಅಲ್ಲಿಯವರೆಗೂ ಅವಳು ಹೊಡೆದುಹಾಕದೆ ಉಳಿದ ಪ್ರತಿ ಸಾಲನ್ನೂ ತನ್ನ ಅಯೋಗ್ಯತೆಗೆ ಸಾಕ್ಷಿಯೆಂದೇ ಓದಿಕೊಂಡಿದ್ದಳು. ದಿನಕ್ಕೆ ಮೂರೇ ಕೆಲಸ ಬರೆಯುವುದು, ಪ್ರತಿಯೊಂದರ ಪಕ್ಕದಲ್ಲಿ ಅಂದಾಜಿನ ಹೊತ್ತನ್ನೂ ನಿಜವಾಗಿ ಹಿಡಿದ ಹೊತ್ತನ್ನೂ ಗುರುತಿಸುವುದು, ಮರುದಿನದ ಪಟ್ಟಿಯನ್ನು ಹಿಂದಿನ ರಾತ್ರಿಯೇ ಬರೆದು ಮಲಗುವುದು ಎಂದು ಒಪ್ಪಿಕೊಂಡೆವು. ನಿದ್ದೆ, ಊಟದ ಬಗ್ಗೆಯೂ ವಿಚಾರಿಸಿದೆ. ಎದೆಬಡಿತ ಹೀಗೆಯೇ ಮುಂದುವರಿದರೆ ವೈದ್ಯರಿಗೆ ತೋರಿಸಲೇಬೇಕೆಂದು ಸೂಚಿಸಿದೆ.

ಮುಂದಿನ ಭೇಟಿಗೆ ತಂದ ಪುಟಗಳಲ್ಲಿ, ಅರ್ಧ ಗಂಟೆಯ ಕೆಲಸವೆಂದು ಬರೆದಿದ್ದ ಫಿಫೋ ಲೆಕ್ಕಗಳ ಪಕ್ಕ ‘1 ಗಂಟೆ 10 ನಿಮಿಷ’ ಎಂದಿತ್ತು. ಅಸೈನ್‌ಮೆಂಟ್ ತಡವಾಗಿಯಾದರೂ ಸಲ್ಲಿಕೆಯಾಗಿತ್ತು. ಇಂಟರ್ನಲ್ಸ್ ಭಯ ಇನ್ನೂ ಉಳಿದಿದ್ದುದರಿಂದ, ಮುಂದಿನ ವಾರದ ಪಟ್ಟಿಯನ್ನು ಈ ನಿಜವಾದ ಹೊತ್ತುಗಳನ್ನೇ ಆಧರಿಸಿ ಬರೆಯಲು ತೊಡಗಿದೆವು.